ಬರುವ ದುಡ್ಡಿಗೆ ಪಿನ್ ಬೇಡ, ಹೋದ ದುಡ್ಡಿಗೆ ನಾಚಿಕೆ ಬೇಡ

ನಮ್ಮ ಚಿಕ್ಕಪ್ಪ ತಿಪಟೂರು ಕಡೆ ತೆಂಗು ಬೆಳೆಯುವವರು. ಲೆಕ್ಕದಲ್ಲಿ ಬಹಳ ಗಟ್ಟಿ. ಮಂಡಿಯಲ್ಲಿ ತೂಕದಲ್ಲಿ ಒಂದು ಕೆಜಿ ಹೆಚ್ಚುಕಮ್ಮಿ ಆದರೂ ಬಿಡುವ ಜನ ಅಲ್ಲ. ಹೋದ ವರ್ಷ ಒಂದು ಗುರುವಾರ ಸಂಜೆ ಅವರ ವಾಟ್ಸ್ಆ್ಯಪ್‌ಗೆ ಪಕ್ಕದ ಊರಿನ ಪರಿಚಯದವರ ನಂಬರಿನಿಂದ ಒಂದು ಫೈಲ್ ಬಂತು. ಹೆಸರು 'ಪಿಎಂ ಕಿಸಾನ್'. ಕಂತು ನಿಂತಿದೆ, ಕೂಡಲೇ ಕೆವೈಸಿ ಮಾಡಿ ಅಂತ ಕೆಳಗೆ ಬರೆದಿತ್ತು. ಒತ್ತಿದರು, ಇನ್‌ಸ್ಟಾಲ್ ಆಯ್ತು. ಆಧಾರ್ ನಂಬರ್, ಹುಟ್ಟಿದ ದಿನಾಂಕ, ಎಟಿಎಂ ಕಾರ್ಡಿನ ನಂಬರ್ ಕೇಳಿತು, ಕೊಟ್ಟರು. ಆ ರಾತ್ರಿ ಎರಡು ಸಲ ದುಡ್ಡು ಹೋಯ್ತು. ಒಮ್ಮೆ 25,000, ಇನ್ನೊಮ್ಮೆ 19,000.

ಶುಕ್ರವಾರ ಬೆಳಿಗ್ಗೆ ಕೂಲಿ ಕೊಡಲು ಎಟಿಎಂಗೆ ಹೋದಾಗ ಅವರಿಗೆ ಗೊತ್ತಾಯ್ತು. ಆದರೆ ಯಾರಿಗೂ ಹೇಳಲಿಲ್ಲ. ಮಗ ಬೈತಾನೆ, ಊರವರು ನಗ್ತಾರೆ, ಭಾನುವಾರ ಕಳೀಲಿ ನೋಡೋಣ ಅಂತ ಸುಮ್ಮನಾದರು. ಶನಿವಾರ ಮಂಡಿಯವರು ಅದೇ ಖಾತೆಗೆ ಕೊಬ್ಬರಿ ದುಡ್ಡು ಹಾಕಿದರು, 31,000. ಅವತ್ತು ರಾತ್ರಿ ಅದೂ ಹೋಯ್ತು.

ಸೋಮವಾರ ನನಗೆ ಫೋನ್ ಮಾಡಿದರು. "ಮಗಾ, ಒಂದು ತಪ್ಪು ಆಗೋಯ್ತು ಕಣೋ" ಅಂದರು, ಅಷ್ಟೇ.

ಗುರುವಾರದ 44,000 ಮೋಸಗಾರ ಹೊಡೆದದ್ದು. ಶನಿವಾರದ 31,000 ಹೋಗಲು ಕಾರಣ ಮುಕ್ಕಾಲು ಪಾಲು ನಾಚಿಕೆ. ಶುಕ್ರವಾರವೇ ಬ್ಯಾಂಕಿಗೆ ಹೇಳಿದ್ದರೆ ಖಾತೆ ಬಂದ್ ಆಗಿರುತ್ತಿತ್ತು. ಬ್ಯಾಂಕ್ ಬಂದ್ ಮಾಡದೇ ದುಡ್ಡು ಹೋಗಿದ್ದರೂ ಆ ನಷ್ಟ ಬ್ಯಾಂಕಿನದ್ದಾಗುತ್ತಿತ್ತು. ಅದು ಹೇಗೆ ಅಂತ ಮುಂದೆ ಹೇಳ್ತೀನಿ.

ನಾನು ಓದಿದ್ದು ತೋಟಗಾರಿಕೆ, ಬ್ಯಾಂಕಿಂಗ್ ಅಲ್ಲ. ಆದರೆ ಚಿಕ್ಕಪ್ಪನ ಜೊತೆ ಬ್ಯಾಂಕು, ಪೊಲೀಸ್ ಠಾಣೆ ಅಂತ ಅಲೆದಾಗ ಕಲಿತದ್ದು ಎಷ್ಟೋ ಇದೆ. ಈ ವಾರ ಗೊಬ್ಬರ, ರೋಗ, ಬೆಲೆ ಎಲ್ಲ ಬದಿಗಿಟ್ಟು ಅದನ್ನೇ ಬರೀತಿದ್ದೀನಿ.

ಮೊದಲು ಒಂದು ನಿಯಮ

ನಿಮ್ಮ ಖಾತೆಗೆ ದುಡ್ಡು ಬರಬೇಕು ಅಂದರೆ ನಿಮ್ಮ ಕಡೆಯಿಂದ ಯಾವ ಗುಟ್ಟೂ ಬೇಕಿಲ್ಲ. ಖಾತೆ ಸಂಖ್ಯೆ ಮತ್ತು ಐಎಫ್‌ಎಸ್‌ಸಿ ಕೋಡ್ ಸಾಕು, ಇಲ್ಲ ಯುಪಿಐ ಐಡಿ ಸಾಕು. ಸರ್ಕಾರದ ಹಣ ಆದರೆ ಆಧಾರ್ ಜೋಡಣೆಯಾದ ಖಾತೆಗೆ ನೇರವಾಗಿ ಬಂದು ಬೀಳುತ್ತದೆ. ಪಿಎಂ ಕಿಸಾನ್‌ನ ವರ್ಷಕ್ಕೆ 6,000 ರೂಪಾಯಿ, 2,000ದ ಮೂರು ಕಂತಿನಲ್ಲಿ ಬರುವುದು ಹೀಗೇ.

ಯುಪಿಐ ಪಿನ್, ಎಟಿಎಂ ಪಿನ್, ಬ್ಯಾಂಕಿನ ಒಟಿಪಿ, ಕಾರ್ಡಿನ ಹಿಂದಿರುವ ಮೂರಂಕಿಯ ಸಿವಿವಿ, ಹೆಬ್ಬೆಟ್ಟು ಇವೆಲ್ಲ ಬೇಕಾಗುವುದು ದುಡ್ಡು ಹೊರಗೆ ಹೋಗುವಾಗ. "ನಿಮಗೆ ಹಣ ಹಾಕ್ತೀವಿ" ಅಂತ ಹೇಳಿ ಇವುಗಳಲ್ಲಿ ಒಂದನ್ನು ಕೇಳಿದರೆ ಆ ಮನುಷ್ಯ ಹಾಕೋದಿಲ್ಲ, ತೆಗೀತಾನೆ. ಬ್ಯಾಂಕಿನ ಮ್ಯಾನೇಜರ್ ಅಂದರೂ ಅಷ್ಟೇ, ಕೃಷಿ ಇಲಾಖೆ ಅಂದರೂ ಅಷ್ಟೇ.

ಇಲ್ಲಿ ಒಂದು ಗೊಂದಲ ಬಿಡಿಸಿಕೊಳ್ಳಬೇಕು. ಪಿಎಂ ಕಿಸಾನ್ ಇ-ಕೆವೈಸಿಗೆ ಒಟಿಪಿ ಬರುವುದು ನಿಜ. ಆದರೆ ಅದು ಆಧಾರ್ ಒಟಿಪಿ. ಅದನ್ನು ಪಿಎಂ ಕಿಸಾನ್‌ನ ಅಧಿಕೃತ ವೆಬ್‌ಸೈಟಿನಲ್ಲಿ ನೀವೇ ಹಾಕಬೇಕು. ಇಲ್ಲದಿದ್ದರೆ ಅಧಿಕೃತ ಆ್ಯಪ್‌ನಲ್ಲಿ ಮುಖ ತೋರಿಸಿ ಅಥವಾ ಸಾಮಾನ್ಯ ಸೇವಾ ಕೇಂದ್ರದಲ್ಲಿ ಬೆರಳು ಕೊಟ್ಟು ಮಾಡಿಸಬಹುದು. ಮೂರು ದಾರಿಯಲ್ಲೂ ಎಟಿಎಂ ಕಾರ್ಡಿನ ನಂಬರ್, ಯುಪಿಐ ಪಿನ್ ಕೇಳುವುದಿಲ್ಲ. ಫೋನಿನಲ್ಲಿ ಯಾರಿಗೂ ಒಟಿಪಿ ಓದಿ ಹೇಳುವ ಸಂದರ್ಭವೂ ಬರುವುದಿಲ್ಲ.

ಟ್ಯಾಗ್ ಇಲ್ಲದ ಬೀಜ, ಗುರುತಿಲ್ಲದ ಆ್ಯಪ್

ಪ್ರಮಾಣಿತ ಬೀಜದ ಚೀಲಕ್ಕೆ ನೀಲಿ ಟ್ಯಾಗ್ ಇರುತ್ತೆ. ಅದಿಲ್ಲದ ಚೀಲ ಯಾರಾದರೂ ಬಸ್ ಸ್ಟ್ಯಾಂಡಿನಲ್ಲಿ ಕೊಟ್ಟರೆ ಎರಡು ಎಕರೆಗೆ ಬಿತ್ತುತ್ತೀರಾ? ವಾಟ್ಸ್ಆ್ಯಪ್‌ನಲ್ಲಿ ಬರುವ ಎಪಿಕೆ ಫೈಲ್ ಅಂಥದ್ದೇ ಚೀಲ.

ಎಪಿಕೆ ಅಂದರೆ ಆಂಡ್ರಾಯ್ಡ್ ಫೋನಿಗೆ ಆ್ಯಪ್ ಹಾಕುವ ಫೈಲ್. ಪ್ಲೇ ಸ್ಟೋರ್‌ನಿಂದ ಹಾಕಿಕೊಂಡಾಗ ಒಂದು ಹಂತದ ಪರೀಕ್ಷೆ ಆಗಿರುತ್ತೆ. ವಾಟ್ಸ್ಆ್ಯಪ್‌ನಲ್ಲಿ ಬಂದದ್ದಕ್ಕೆ ಅದೂ ಇಲ್ಲ. ಪಿಎಂ ಕಿಸಾನ್, ಬೆಳೆ ಪರಿಹಾರ, ಟ್ರಾಫಿಕ್ ದಂಡದ ಚಲನ್, ಬ್ಯಾಂಕ್ ಕೆವೈಸಿ, ಕೊನೆಗೆ ಮದುವೆ ಆಮಂತ್ರಣದ ಹೆಸರಿನಲ್ಲೂ ಇಂಥ ಫೈಲ್‌ಗಳು ಓಡಾಡುತ್ತಿವೆ.

ಇದು ಕೆಲಸ ಮಾಡುವ ರೀತಿ ಸರಳ. ಇನ್‌ಸ್ಟಾಲ್ ಆದ ಕೂಡಲೇ ಎಸ್ಎಂಎಸ್ ಓದಲು ಅನುಮತಿ ಕೇಳುತ್ತೆ. ನಾವು 'ಅಲೋ' ಒತ್ತುತ್ತೀವಿ. ಅಲ್ಲಿಂದ ಮುಂದೆ ನಮ್ಮ ಫೋನಿಗೆ ಬರುವ ಪ್ರತಿ ಒಟಿಪಿ ಅವನಿಗೂ ಹೋಗುತ್ತೆ. ಚಿಕ್ಕಪ್ಪ ಯಾರಿಗೂ ಒಟಿಪಿ ಹೇಳಿರಲಿಲ್ಲ. ಹೇಳುವ ಅಗತ್ಯವೇ ಅವನಿಗಿರಲಿಲ್ಲ. ಬ್ಯಾಂಕಿನಿಂದ ಬಂದ ಮೆಸೇಜ್‌ಗಳು ಕೂಡ ಅವರ ಕಣ್ಣಿಗೆ ಬೀಳಲಿಲ್ಲ. ಇನ್ನು ಕೆಲವು ಇಂಥ ಆ್ಯಪ್‌ಗಳು ನಮ್ಮ ಫೋನಿನಲ್ಲಿರುವ ಎಲ್ಲರಿಗೂ ಅದೇ ಫೈಲನ್ನು ತಾವೇ ಕಳಿಸುತ್ತವೆ. ಪರಿಚಯದವರ ನಂಬರಿನಿಂದ ಬಂದಿತ್ತಲ್ಲ, ಅದಕ್ಕೆ ಕಾರಣ ಇದು. ಅವರೂ ನಮ್ಮ ಹಾಗೆ ಮೋಸ ಹೋದವರೇ. ಹಾಗಾಗಿ 'ಗೊತ್ತಿರೋರು ಕಳಿಸಿದ್ದು' ಅನ್ನೋದು ಇನ್ಮೇಲೆ ನಂಬಲು ಸಾಕಾಗುವ ಕಾರಣ ಅಲ್ಲ.

ತಪ್ಪಿ ಇನ್‌ಸ್ಟಾಲ್ ಮಾಡಿದರೆ ಹೀಗೆ ಮಾಡಿ:

- ಮೊದಲು ಫೋನನ್ನು ಏರೋಪ್ಲೇನ್ ಮೋಡ್‌ಗೆ ಹಾಕಿ, ವೈಫೈ ಕೂಡ ಆಫ್ ಮಾಡಿ.
- ಮನೆಯವರ ಫೋನಿನಿಂದ ಬ್ಯಾಂಕಿಗೆ ಕರೆ ಮಾಡಿ ಕಾರ್ಡ್, ಯುಪಿಐ, ನೆಟ್ ಬ್ಯಾಂಕಿಂಗ್ ನಿಲ್ಲಿಸಲು ಹೇಳಿ.
- ಬಂದ ಮೆಸೇಜು, ಕಳಿಸಿದ ನಂಬರು, ಫೈಲಿನ ಹೆಸರು ಇವುಗಳ ಫೋಟೊ ತೆಗೆದಿಟ್ಟುಕೊಂಡ ಮೇಲೆ ಆ್ಯಪ್ ತೆಗೆಯಿರಿ. ತೆಗೆಯಲು ಬಿಡದಿದ್ದರೆ ಫ್ಯಾಕ್ಟರಿ ರೀಸೆಟ್ ಮಾಡಿಸಿ.
- ಆಮೇಲೆ ##002# ಡಯಲ್ ಮಾಡಿ. ನಿಮ್ಮ ಕರೆಗಳನ್ನು ಬೇರೆ ನಂಬರಿಗೆ ತಿರುಗಿಸಿದ್ದರೆ ಅದು ರದ್ದಾಗುತ್ತದೆ.
- ವಾಟ್ಸ್ಆ್ಯಪ್‌ನ 'ಲಿಂಕ್ಡ್ ಡಿವೈಸಸ್' ನೋಡಿ. ಗೊತ್ತಿಲ್ಲದ ಯಂತ್ರ ಇದ್ದರೆ ಲಾಗ್ಔಟ್ ಮಾಡಿ.
- ಎಲ್ಲ ಪಿನ್, ಪಾಸ್‌ವರ್ಡ್ ಬದಲಿಸಿ. ಫೋನ್ ಸ್ವಚ್ಛ ಆಗುವ ಮುಂಚೆ ಅದೇ ಫೋನಿನಲ್ಲಿ ಬದಲಿಸಿ ಪ್ರಯೋಜನ ಇಲ್ಲ.

ಚೌಕಾಸಿ ಮಾಡದ ಗಿರಾಕಿ

ಇದು ನನ್ನದೇ ಕಥೆ. ತರಕಾರಿಯನ್ನು ನೇರವಾಗಿ ಮಾರುವುದರಿಂದ ನನ್ನ ನಂಬರ್ ಹತ್ತಾರು ಗ್ರೂಪ್‌ಗಳಲ್ಲಿದೆ. ಒಂದು ದಿನ ಹಿಂದಿ ಮಾತಾಡುವವನ ಕರೆ. ಸೇನೆಯ ಕ್ಯಾಂಟೀನಿನಿಂದ ಅಂದ. ಎರಡು ಕ್ವಿಂಟಾಲ್ ನುಗ್ಗೆಕಾಯಿ ಬೇಕು, ಗಾಡಿ ಅವನದ್ದೇ, ರೇಟು ನಾನು ಹೇಳಿದ್ದೇ ಫೈನಲ್. ಗುರುತಿನ ಚೀಟಿಯ ಫೋಟೊ ಕಳಿಸಿದ. ಯೂನಿಫಾರ್ಮ್ ಹಾಕಿದ ಫೋಟೊ. ನನಗೆ ಖುಷಿಯೋ ಖುಷಿ.

ಅಡ್ವಾನ್ಸ್ ಹಾಕ್ತೀನಿ ಅಂತ ಒಂದು ಕ್ಯೂಆರ್ ಕೋಡ್ ಕಳಿಸಿದ. "ಸ್ಕ್ಯಾನ್ ಮಾಡಿ ಐದು ರೂಪಾಯಿ ಹಾಕಿ, ಹತ್ತು ಬರುತ್ತೆ, ಸೇನೆಯ ಖಾತೆ ಹೀಗೇ ಕೆಲಸ ಮಾಡೋದು" ಅಂದ. ಹಾಕಿದೆ, ಹತ್ತು ನಿಜವಾಗಿ ಬಂತು. ಆಮೇಲೆ ಬಂದ ಕೋಡ್ 14,000ದ್ದು. ಪಿನ್ ಒತ್ತುವ ಪರದೆಯವರೆಗೂ ಹೋಗಿದ್ದೆ. ಮೇಲೆ 'ಪೇ' ಅಂತ ಬರೆದಿತ್ತು. ದುಡ್ಡು ಪಡೆಯೋನು ನಾನು, ಪೇ ಮಾಡೋನೂ ನಾನೇನಾ ಅಂತ ಆಗ ಹೊಳೀತು. ಫೋನ್ ಇಟ್ಟೆ. ಕೃಷಿ ಪದವಿ ಮಾಡಿದವನು ಐದು ರೂಪಾಯಿ ಆಸೆಗೆ ಎಷ್ಟು ದೂರ ಹೋಗಿದ್ದೆ ಅಂತ ನೆನೆದರೆ ಈಗಲೂ ಮೈ ಜುಮ್ಮೆನ್ನುತ್ತೆ.

ಸೇನೆಗೂ ಆ ಕಳ್ಳನಿಗೂ ಸಂಬಂಧ ಇಲ್ಲ. ಸೈನಿಕ ಅಂದರೆ ನಮಗೆ ಗೌರವ, ಅದನ್ನೇ ಅವನು ಬಳಸಿಕೊಂಡ. ಟ್ರ್ಯಾಕ್ಟರ್, ಹಸು, ಹಳೇ ಬೈಕ್ ಮಾರಾಟಕ್ಕೆ ಹಾಕಿದವರಿಗೂ ಇದೇ ರೀತಿ ಕರೆ ಬರುತ್ತೆ. ಕ್ಯೂಆರ್ ಸ್ಕ್ಯಾನ್ ಮಾಡುವುದು ದುಡ್ಡು ಕೊಡೋಕೆ ಮಾತ್ರ. ಒಬ್ಬರು ಇನ್ನೊಬ್ಬರಿಗೆ ಹಣ ಕೇಳಿ ಕಳಿಸುವ 'ಕಲೆಕ್ಟ್ ರಿಕ್ವೆಸ್ಟ್' ಸೌಲಭ್ಯವನ್ನು ಯುಪಿಐ ನಡೆಸುವ ಎನ್‌ಪಿಸಿಐ 2025ರ ಅಕ್ಟೋಬರ್ 1ರಿಂದ ನಿಲ್ಲಿಸಿದೆ. ಮೋಸದ ಒಂದು ಬಾಗಿಲು ಅದರಿಂದ ಮುಚ್ಚಿತು. ಕ್ಯೂಆರ್ ಬಾಗಿಲು ತೆರೆದೇ ಇದೆ.

ನೇರ ಮಾರಾಟ ಮಾಡುವವರು ಇನ್ನೆರಡು ವಿಷಯ ನೆನಪಿಡಿ. ಒಂದು, ಗಿರಾಕಿ ತೋರಿಸುವ ಸ್ಕ್ರೀನ್‌ಶಾಟ್ ದುಡ್ಡಲ್ಲ. ಪಾವತಿ ಆದಂತೆ ತೋರಿಸುವ ನಕಲಿ ಆ್ಯಪ್‌ಗಳಿವೆ. ನಿಮ್ಮ ಬ್ಯಾಂಕ್ ಆ್ಯಪ್‌ನಲ್ಲಿ ಜಮಾ ಕಂಡ ಮೇಲೆ ಮೂಟೆ ಗಾಡಿಗೆ ಹತ್ತಲಿ. ಎರಡು, "2,000ದ ಬದಲು 20,000 ಹಾಕಿಬಿಟ್ಟೆ, ಮಿಕ್ಕಿದ್ದು ವಾಪಸ್ ಕಳಿಸಿ" ಅಂತ ಅಳುತ್ತಾ ಕರೆ ಬಂದರೆ ಎಸ್ಎಂಎಸ್ ನಂಬಬೇಡಿ, ಬ್ಯಾಲೆನ್ಸ್ ನೋಡಿ. ಆ ಎಸ್ಎಂಎಸ್ ಬ್ಯಾಂಕಿನದ್ದಲ್ಲ, ಅವನೇ ಬರೆದದ್ದು. ಹಣ ನಿಜವಾಗಿ ಬಂದಿದ್ದರೂ ನೀವಾಗಿ ತಿರುಗಿ ಕಳಿಸಬೇಡಿ. "ನಿಮ್ಮ ಬ್ಯಾಂಕಿಗೆ ದೂರು ಕೊಡಿ, ಅವರ ಮೂಲಕ ವಾಪಸ್ ಹೋಗಲಿ" ಅನ್ನಿ. ನಿಜವಾದವರು ಒಪ್ತಾರೆ.

ಹೆಬ್ಬೆಟ್ಟೂ ಒಂದು ಪಿನ್

ನಮ್ಮ ಅಪ್ಪ ಅಮ್ಮಂದಿರು ಯುಪಿಐ ಬಳಸಲ್ಲ, ಹಾಗಾಗಿ ಭಯ ಇಲ್ಲ ಅಂತ ಎಷ್ಟೋ ಜನ ಅಂದುಕೊಂಡಿದ್ದಾರೆ. ಹಳ್ಳಿಯಲ್ಲಿ ಬ್ಯಾಂಕ್ ಮಿತ್ರರ ಹತ್ತಿರ ಬೆರಳಿಟ್ಟು ದುಡ್ಡು ತೆಗೀತಾರಲ್ಲ, ಆ ವ್ಯವಸ್ಥೆಯ ಹೆಸರು ಎಇಪಿಎಸ್. ಅದಕ್ಕೆ ಬೇಕಾಗಿರೋದು ಮೂರೇ: ಆಧಾರ್ ಸಂಖ್ಯೆ, ಬ್ಯಾಂಕಿನ ಹೆಸರು, ಬೆರಳಚ್ಚು. ಪಿನ್ ಇಲ್ಲ, ಒಟಿಪಿ ಇಲ್ಲ. ಬ್ಯಾಂಕು ದೂರ ಇರುವ ಊರುಗಳಿಗೆ ಇದು ದೊಡ್ಡ ಅನುಕೂಲ. ಆದರೆ ಬೆರಳಚ್ಚು ಕದ್ದರೆ ಎಟಿಎಂ ಕಾರ್ಡೂ ಪಿನ್ನೂ ಒಟ್ಟಿಗೆ ಕದ್ದ ಹಾಗೆ. 2023ರಲ್ಲಿ ಮಂಗಳೂರಿನ ಕಡೆ ಆಸ್ತಿ ನೋಂದಣಿ ಮಾಡಿಸಿದ ಕೆಲವರ ಖಾತೆಯಿಂದ ಹೀಗೇ ಹಣ ಹೋಗಿ ಪೊಲೀಸ್ ಪ್ರಕರಣಗಳಾದವು. ನೋಂದಣಿ ಪತ್ರದಲ್ಲಿನ ಬೆರಳಚ್ಚಿನ ನಕಲು ಬಳಸಿದ ಅನುಮಾನ ಆಗ ಎದ್ದಿತ್ತು.

ಇದಕ್ಕೆ ಮದ್ದು ಇದೆ, ಅದು ಬಯೋಮೆಟ್ರಿಕ್ ಲಾಕ್. ಆಧಾರ್‌ನ ಅಧಿಕೃತ ಆ್ಯಪ್‌ನಲ್ಲಿ ಅಥವಾ ಯುಐಡಿಎಐ ವೆಬ್‌ಸೈಟಿನಲ್ಲಿ ಲಾಗಿನ್ ಆಗಿ 'ಬಯೋಮೆಟ್ರಿಕ್ ಲಾಕ್' ಆಯ್ಕೆ ಒತ್ತಿದರೆ ಆಯ್ತು. ಆಧಾರ್‌ಗೆ ನಿಮ್ಮ ಮೊಬೈಲ್ ನಂಬರ್ ಜೋಡಿಸಿರಬೇಕು, ಅಷ್ಟೇ. ಲಾಕ್ ಮಾಡಿದರೆ ಪಿಎಂ ಕಿಸಾನ್, ಬೆಳೆ ಪರಿಹಾರದ ಹಣ ನಿಲ್ಲುವುದಿಲ್ಲ. ಅದು ಬರಲು ಬೆರಳು ಬೇಕಿಲ್ಲವಲ್ಲ. ಆದರೆ ರೇಷನ್ ಅಂಗಡಿಯಲ್ಲಿ, ಬ್ಯಾಂಕ್ ಮಿತ್ರರ ಹತ್ತಿರ ಬೆರಳು ಓದುವುದಿಲ್ಲ. ಹೋಗುವ ಮುಂಚೆ ತಾತ್ಕಾಲಿಕವಾಗಿ ಅನ್‌ಲಾಕ್ ಮಾಡಿಕೊಳ್ಳಬೇಕು. ನಮ್ಮ ಮನೆಯಲ್ಲಿ ರೇಷನ್ ತರೋದು ಅಮ್ಮ. ಅವರದನ್ನು ಬಿಟ್ಟು ಉಳಿದವರದೆಲ್ಲ ಲಾಕ್ ಮಾಡಿದ್ದೇನೆ. ಅಮ್ಮನ ಖಾತೆಗೆ ಎಇಪಿಎಸ್‌ನಲ್ಲಿ ಹಣ ತೆಗೆಯುವುದನ್ನು ನಿಲ್ಲಿಸಿ ಅಂತ ಬ್ಯಾಂಕಿಗೆ ಅರ್ಜಿ ಕೊಟ್ಟೆವು. ನೀವೂ ಕೇಳಿ ನೋಡಿ.

ಬೆರಳಿಡುವ ಜಾಗದಲ್ಲೂ ಹುಷಾರು. ಮಣ್ಣಿನಲ್ಲಿ ಕೆಲಸ ಮಾಡಿ ನಮ್ಮವರ ಬೆರಳ ಗೆರೆ ಸವೆದಿರುತ್ತೆ, ಒಂದೇ ಸಲಕ್ಕೆ ಯಂತ್ರ ಓದಲ್ಲ. "ಬರಲಿಲ್ಲ, ಇನ್ನೊಂದ್ಸಲ ಇಡಿ" ಅಂದಾಗ ಮೊದಲ ಸಲದ್ದು ನಿಜಕ್ಕೂ ವಿಫಲ ಆಯ್ತಾ ಅಂತ ರಶೀದಿ ಕೇಳಿ. ಬ್ಯಾಲೆನ್ಸ್ ನೋಡಲು ಹೋದರೂ ರಶೀದಿ ಕೇಳಿ. ಪ್ರಾಮಾಣಿಕವಾಗಿ ಕೆಲಸ ಮಾಡುವ ಬ್ಯಾಂಕ್ ಮಿತ್ರರು ಇದಕ್ಕೆ ಬೇಜಾರು ಮಾಡಿಕೊಳ್ಳಲ್ಲ.

ಸಬ್ಸಿಡಿ ಆಸೆ, ಸಾಲದ ಅವಸರ

ಸೋಲಾರ್ ಪಂಪ್‌ಸೆಟ್ಟಿನ ಪಿಎಂ ಕುಸುಮ್ ಯೋಜನೆಯ ಹೆಸರಿನಲ್ಲಿ ನಕಲಿ ವೆಬ್‌ಸೈಟ್‌ಗಳಿವೆ, ನೋಂದಣಿ ಶುಲ್ಕ ಅಂತ ಹಣ ಕೇಳ್ತಾರೆ ಅಂತ ಕೇಂದ್ರದ ನವೀಕರಿಸಬಹುದಾದ ಇಂಧನ ಸಚಿವಾಲಯವೇ ಹಲವು ಸಲ ಎಚ್ಚರಿಸಿದೆ. ಈ ಯೋಜನೆಯಲ್ಲಿ ರೈತನ ಪಾಲಿನ ಹಣ ಕಟ್ಟಬೇಕಾಗಿರುವುದರಿಂದಲೇ ಮೋಸ ಸುಲಭ. ಎಲ್ಲಿಗೆ ಕಟ್ಟಬೇಕು ಅನ್ನೋದನ್ನು ನಿಮ್ಮ ಎಸ್ಕಾಂ ಕಚೇರಿಯಲ್ಲಿ ಕೇಳಿ ಖಚಿತ ಮಾಡಿಕೊಂಡೇ ಕಟ್ಟಿ. ವಿಳಾಸ 'ಜಿಒವಿ ಡಾಟ್ ಇನ್' ಅಂತ ಮುಗಿಯುತ್ತಾ ನೋಡಿ. 'ಕುಸುಮ್' ಅನ್ನೋ ಪದ ವಿಳಾಸದಲ್ಲಿ ಇದ್ದ ಮಾತ್ರಕ್ಕೆ ಅದು ಸರ್ಕಾರದ್ದಾಗಲ್ಲ.

ಬ್ಯಾಂಕಿನ ವೆಬ್‌ಸೈಟಿಗೂ ಈಗ ಒಂದು ಗುರುತು ಬಂದಿದೆ. ರಿಸರ್ವ್ ಬ್ಯಾಂಕ್ ಸೂಚನೆಯಂತೆ ಬ್ಯಾಂಕುಗಳು 'ಬ್ಯಾಂಕ್ ಡಾಟ್ ಇನ್' ಅಂತ ಕೊನೆಯಾಗುವ ವಿಳಾಸಕ್ಕೆ ಬದಲಾಗಲು 2025ರ ಅಕ್ಟೋಬರ್ 31 ಗಡುವಾಗಿತ್ತು. ಆದರೂ ಗೂಗಲ್‌ನಲ್ಲಿ 'ಕಸ್ಟಮರ್ ಕೇರ್ ನಂಬರ್' ಹುಡುಕಿ ಸಿಕ್ಕಿದ್ದಕ್ಕೆ ಕರೆ ಮಾಡಬೇಡಿ. ಅಲ್ಲಿ ಕಳ್ಳರೇ ನಂಬರ್ ಹಾಕಿಟ್ಟಿರುತ್ತಾರೆ. ಪಾಸ್‌ಬುಕ್ ಮೇಲೆ ಅಥವಾ ಎಟಿಎಂ ಕಾರ್ಡಿನ ಹಿಂದೆ ಇರುವ ನಂಬರೇ ಸರಿ.

ಸಾಲ ಕೊಡುವ ಮುಂಚೆ 'ಪ್ರೊಸೆಸಿಂಗ್ ಫೀ' ಅಂತ ಯಾರದೋ ವೈಯಕ್ತಿಕ ಯುಪಿಐಗೆ ಹಾಕಿಸಿಕೊಳ್ಳುವವರು ಸಾಲ ಕೊಡಲ್ಲ. ಸಾಲ ಮನ್ನಾ ಪಟ್ಟಿಗೆ ಹೆಸರು ಸೇರಿಸ್ತೀವಿ ಅಂತ ದುಡ್ಡು ಕೇಳಿದರೂ ಅದೇ ಕಥೆ.

ಖಾತೆ ಬಾಡಿಗೆಗೆ ಕೊಡಬೇಡಿ

ಇದು ವಿಶೇಷವಾಗಿ ನಮ್ಮ ಹುಡುಗರಿಗೆ. "ನಿನ್ನ ಅಕೌಂಟ್ ಮತ್ತು ಸಿಮ್ ಒಂದು ತಿಂಗಳಿಗೆ ಕೊಡು, ಬಂದ ದುಡ್ಡಿನಲ್ಲಿ ಕಮಿಷನ್ ತಗೋ" ಅಂತ ಟೆಲಿಗ್ರಾಂನಲ್ಲೋ, ಸ್ನೇಹಿತನ ಸ್ನೇಹಿತನ ಮೂಲಕವೋ ಮಾತು ಬರುತ್ತೆ. ಚಿಕ್ಕಪ್ಪನ ದುಡ್ಡು ನೇರವಾಗಿ ಕಳ್ಳನ ಖಾತೆಗೆ ಹೋಗಲಿಲ್ಲ. ಇಂಥ ಬಾಡಿಗೆ ಖಾತೆಗಳ ಮೂಲಕ ಒಂದರಿಂದ ಇನ್ನೊಂದಕ್ಕೆ ಹೋಗಿ ಕೊನೆಗೆ ಎಲ್ಲೋ ಎಟಿಎಂನಲ್ಲಿ ನಗದಾಯ್ತು. ಪೊಲೀಸರು ಮೊದಲು ಹುಡುಕಿಕೊಂಡು ಬರುವುದು ಆ ಖಾತೆಯ ಹೆಸರಿನವನನ್ನು. ಖಾತೆ ಜಪ್ತಿ, ಕೇಸು, ಮುಂದೆ ಬೆಳೆ ಸಾಲಕ್ಕೂ ತೊಂದರೆ. 5,000 ಕಮಿಷನ್‌ಗೆ ಇಷ್ಟೆಲ್ಲ ಬೇಕಾ?

ನಿಮ್ಮ ಹೆಸರಿನಲ್ಲಿ ಎಷ್ಟು ಸಿಮ್ ಇವೆ ಅಂತ 'ಸಂಚಾರ್ ಸಾಥಿ' ಅನ್ನುವ ಸರ್ಕಾರದ ಪೋರ್ಟಲ್‌ನಲ್ಲಿ ನೋಡಬಹುದು. ನಿಮ್ಮದಲ್ಲದ ನಂಬರ್ ಕಂಡರೆ ಅಲ್ಲೇ ದೂರು ಹಾಕಬಹುದು. ಅನುಮಾನದ ಕರೆ, ಮೆಸೇಜುಗಳನ್ನೂ ಅದೇ ಪೋರ್ಟಲ್‌ನ 'ಚಕ್ಷು' ವಿಭಾಗದಲ್ಲಿ ತಿಳಿಸಬಹುದು.

ದುಡ್ಡು ಹೋದರೆ: ಮೊದಲ ಗಂಟೆ

ಇಲ್ಲಿಂದ ಮುಂದಿನದನ್ನು ಸ್ಕ್ರೀನ್‌ಶಾಟ್ ತೆಗೆದಿಟ್ಟುಕೊಳ್ಳಿ.

ಒಂದು: 1930ಕ್ಕೆ ಕರೆ ಮಾಡಿ. ಇದು ಇಡೀ ದೇಶಕ್ಕೆ ಇರುವ ಸೈಬರ್ ವಂಚನೆ ಸಹಾಯವಾಣಿ. ಹಣ ಹೋದ ಸಮಯ, ಮೊತ್ತ, ಬ್ಯಾಂಕ್, ವ್ಯವಹಾರದ ಸಂಖ್ಯೆ ಕೇಳ್ತಾರೆ. ದೂರು ದಾಖಲಾದ ಕೂಡಲೇ ಹಣ ಹೋದ ಖಾತೆಯ ಬ್ಯಾಂಕಿಗೆ ಸೂಚನೆ ಹೋಗುತ್ತದೆ. ಹಣ ಇನ್ನೂ ಅಲ್ಲೇ ಇದ್ದರೆ ತಡೆಹಿಡಿಯುತ್ತಾರೆ. ಮುಂದಕ್ಕೆ ಹೋಗಿದ್ದರೆ ಮುಂದಿನ ಬ್ಯಾಂಕಿಗೆ ಸೂಚನೆ. ಕಳ್ಳ ದುಡ್ಡನ್ನು ನಿಮಿಷಗಳಲ್ಲಿ ದಾಟಿಸುತ್ತಾನೆ, ಹಾಗಾಗಿ ಒಂದು ಗಂಟೆಗೂ ಒಂದು ದಿನಕ್ಕೂ ಅಜಗಜಾಂತರ. ಸೈಬರ್‌ಕ್ರೈಮ್ ಡಾಟ್ ಜಿಒವಿ ಡಾಟ್ ಇನ್ ವೆಬ್‌ಸೈಟಿನಲ್ಲೂ ದೂರು ಹಾಕಬಹುದು. ಜಿಲ್ಲೆಯಲ್ಲಿ ಸಿಇಎನ್ ಪೊಲೀಸ್ ಠಾಣೆ ಇರುತ್ತದೆ, ಸೈಬರ್ ಅಪರಾಧ ನೋಡಿಕೊಳ್ಳುವುದು ಅವರೇ.

ಎರಡು: ಬ್ಯಾಂಕಿಗೆ ಕರೆ ಮಾಡಿ ಖಾತೆಯಿಂದ ಹಣ ಹೋಗುವುದನ್ನು ನಿಲ್ಲಿಸಿ. ದೂರಿನ ಸಂಖ್ಯೆ ತಗೊಳ್ಳಿ. ಮರುದಿನ ಶಾಖೆಗೆ ಹೋಗಿ ಬರವಣಿಗೆಯಲ್ಲಿ ಕೊಡಿ, ನಕಲಿನ ಮೇಲೆ ಸೀಲು, ದಿನಾಂಕ ಹಾಕಿಸಿಕೊಳ್ಳಿ. "ಪೊಲೀಸ್ ಹತ್ರ ಹೋಗಿ, ನಮ್ಗೂ ಇದಕ್ಕೂ ಸಂಬಂಧ ಇಲ್ಲ" ಅಂತ ಚಿಕ್ಕಪ್ಪನಿಗೆ ಹೇಳಿದ್ದರು. ಸಂಬಂಧ ಇದೆ.

ಯಾಕೆ ಅಂದರೆ, 2017ರ ಜುಲೈ 6ರಂದು ರಿಸರ್ವ್ ಬ್ಯಾಂಕ್ ಹೊರಡಿಸಿದ ಸುತ್ತೋಲೆಯೊಂದು ಇಂಥ ನಷ್ಟ ಯಾರು ಹೊರಬೇಕು ಅಂತ ಹೇಳುತ್ತದೆ. ಅದೇ ಡಿಸೆಂಬರ್‌ನಲ್ಲಿ ಸಹಕಾರಿ ಬ್ಯಾಂಕ್‌ಗಳಿಗೂ ಇಂಥದೇ ಸೂಚನೆ ಹೋಯ್ತು. ಸಾರಾಂಶ ಇಷ್ಟು:

- ತಪ್ಪು ಬ್ಯಾಂಕಿನದ್ದಾದರೆ ನಿಮ್ಮ ಮೇಲೆ ಯಾವ ಹೊರೆಯೂ ಇಲ್ಲ.
- ತಪ್ಪು ನಿಮ್ಮದೂ ಅಲ್ಲ, ಬ್ಯಾಂಕಿನದೂ ಅಲ್ಲ, ವ್ಯವಸ್ಥೆಯಲ್ಲಿ ಬೇರೆಲ್ಲೋ ಆದದ್ದು. ಬ್ಯಾಂಕಿನ ಸಂದೇಶ ಬಂದು 3 ಕೆಲಸದ ದಿನಗಳೊಳಗೆ ತಿಳಿಸಿದರೆ ಆಗಲೂ ಹೊರೆ ಶೂನ್ಯ. 4ರಿಂದ 7 ದಿನದೊಳಗೆ ತಿಳಿಸಿದರೆ ಒಂದು ವ್ಯವಹಾರಕ್ಕೆ ಮೂಲ ಉಳಿತಾಯ ಖಾತೆಗೆ 5,000, ಬೇರೆ ಉಳಿತಾಯ ಖಾತೆಗೆ 10,000 ರೂಪಾಯಿಗಿಂತ ಹೆಚ್ಚು ನಿಮ್ಮ ತಲೆಗೆ ಬರುವಂತಿಲ್ಲ. 7 ದಿನ ದಾಟಿದರೆ ಆ ಬ್ಯಾಂಕಿನ ನೀತಿಯಂತೆ.
- ನೀವೇ ಪಿನ್, ಒಟಿಪಿ, ಕಾರ್ಡ್ ವಿವರ ಕೊಟ್ಟಿದ್ದರೆ, ಬ್ಯಾಂಕಿಗೆ ತಿಳಿಸುವವರೆಗೆ ಆದ ನಷ್ಟ ನಿಮ್ಮದು. ತಿಳಿಸಿದ ಮೇಲೆ ಆಗುವ ನಷ್ಟ ಬ್ಯಾಂಕಿನದ್ದು.
- ಗ್ರಾಹಕನದೇ ತಪ್ಪು ಅಂತ ಸಾಬೀತು ಮಾಡುವ ಹೊಣೆ ಬ್ಯಾಂಕಿನ ಮೇಲಿದೆ.

ಮೂರನೆಯ ಸಾಲು ಇನ್ನೊಮ್ಮೆ ಓದಿ. ಚಿಕ್ಕಪ್ಪನ ಕೊಬ್ಬರಿಯ 31,000 ಬಿದ್ದದ್ದು ಆ ಸಾಲಿನ ಮೇಲೆ. ಶುಕ್ರವಾರ ಬೆಳಿಗ್ಗೆ ಒಂದು ಕರೆ ಮಾಡಿದ್ದರೆ ಶನಿವಾರ ರಾತ್ರಿಯ ನಷ್ಟಕ್ಕೆ ಅವರು ಹೊಣೆ ಆಗುತ್ತಿರಲಿಲ್ಲ. ನಾವು ತಪ್ಪು ಮಾಡಿದ್ದರೂ ಹೇಳಿದ ಕ್ಷಣದಿಂದ ನಿಯಮ ನಮ್ಮ ಕಡೆಗೆ ತಿರುಗುತ್ತದೆ. ನಿಮ್ಮ ಬ್ಯಾಂಕಿನ ಈಗಿನ ನೀತಿ ಏನು ಅಂತ ಶಾಖೆಯಲ್ಲಿ ಬರವಣಿಗೆಯಲ್ಲೇ ಕೇಳಿ ಇಟ್ಟುಕೊಳ್ಳಿ.

ಮೂರು: ಬ್ಯಾಂಕ್ 30 ದಿನದಲ್ಲಿ ಉತ್ತರ ಕೊಡದಿದ್ದರೆ, ಕೊಟ್ಟ ಉತ್ತರ ಸರಿ ಅನ್ನಿಸದಿದ್ದರೆ ರಿಸರ್ವ್ ಬ್ಯಾಂಕಿನ ಓಂಬುಡ್ಸ್‌ಮನ್‌ಗೆ ದೂರು ಕೊಡಬಹುದು. ಶುಲ್ಕ ಇಲ್ಲ, ವಕೀಲರು ಬೇಕಿಲ್ಲ. ಮಾಹಿತಿಗೆ 14448ಕ್ಕೆ ಕರೆ ಮಾಡಿ. ಸೀಲು ಹಾಕಿಸಿದ ಆ ನಕಲು ಇಲ್ಲಿ ಕೆಲಸಕ್ಕೆ ಬರುತ್ತೆ.

ಈ ವಾರ ಅರ್ಧ ಗಂಟೆ ಕೊಡಿ

1. ಖಾತೆ ಎರಡು ಮಾಡಿ. ಯುಪಿಐಗೆ ಒಂದು, ಅದರಲ್ಲಿ ವಾರದ ಖರ್ಚಿನಷ್ಟೇ ದುಡ್ಡು. ಫಸಲಿನ ಹಣ ಬರುವ ಖಾತೆಗೆ ಯುಪಿಐ ಜೋಡಿಸಬೇಡಿ.
2. ಫೋನಿನ ಸೆಟ್ಟಿಂಗ್ಸ್‌ನಲ್ಲಿ 'ಇನ್‌ಸ್ಟಾಲ್ ಅನ್‌ನೋನ್ ಆ್ಯಪ್ಸ್' ಹುಡುಕಿ, ವಾಟ್ಸ್ಆ್ಯಪ್‌ಗೆ ಇರುವ ಅನುಮತಿ ತೆಗೆಯಿರಿ. ವಾಟ್ಸ್ಆ್ಯಪ್‌ನಲ್ಲಿ ಎರಡು ಹಂತದ ಪಿನ್ ಹಾಕಿ.
3. ಬ್ಯಾಂಕ್ ಆ್ಯಪ್‌ನಲ್ಲಿ ದಿನದ ಮಿತಿ ಇಳಿಸಿ. ಕಾರ್ಡಿನ ಆನ್‌ಲೈನ್ ಮತ್ತು ವಿದೇಶಿ ಬಳಕೆ ಬೇಡದಿದ್ದರೆ ಆಫ್ ಮಾಡಿ.
4. ಮನೆಯ ಹಿರಿಯರ ಖಾತೆಗೆ ಎಸ್ಎಂಎಸ್ ಬರುತ್ತಾ ನೋಡಿ. ಹಳೇ ನಂಬರ್ ಇದ್ದರೆ ಬದಲಿಸಿ. ಬಯೋಮೆಟ್ರಿಕ್ ಲಾಕ್ ಮಾಡಿಕೊಡಿ.
5. ಮನೆಯವರೆಲ್ಲರ ಫೋನಿನಲ್ಲಿ 1930 ಮತ್ತು ಬ್ಯಾಂಕಿನ ನಂಬರ್ ಸೇವ್ ಮಾಡಿ. ಒಂದನ್ನು ಪಾಸ್‌ಬುಕ್ ಒಳಗೆ ಬರೆದಿಡಿ. ಫೋನೇ ಕೈಕೊಟ್ಟಾಗ ಬೇಕಾಗುತ್ತೆ.

ಇನ್ನೊಂದು ಕೆಲಸ ಇದೆ. ಅದಕ್ಕೆ ಫೋನ್ ಬೇಡ. ಮನೆಯಲ್ಲಿ ಊಟಕ್ಕೆ ಕೂತಾಗ ಹೇಳಿ: "ಏನೇ ಆದ್ರೂ ಮೊದ್ಲು ನಂಗೆ ಹೇಳಿ, ನಾನು ಬೈಯಲ್ಲ." ಹೇಳಿದ ಮೇಲೆ ನಿಜವಾಗಿಯೂ ಬೈಯಬೇಡಿ. ನಾವು ಫೋನ್ ಗೊತ್ತಿರುವ ಮಕ್ಕಳು ದೊಡ್ಡವರನ್ನು "ನಿಂಗೇನೂ ಗೊತ್ತಾಗಲ್ಲ" ಅಂತ ಎಷ್ಟು ಸಲ ಅಂದಿದ್ದೇವೋ ಅಷ್ಟು ಸಲ ಅವರ ಬಾಯಿ ಮುಚ್ಚಿಸಿದ್ದೇವೆ. ಚಿಕ್ಕಪ್ಪ ಮಗನಿಗೆ ಹೇಳದೆ ಇದ್ದದ್ದು ಸುಮ್ಮನೆ ಅಲ್ಲ.

ಅವರ 75,000ದಲ್ಲಿ ತಡೆಹಿಡಿಯಲು ಸಿಕ್ಕಿದ್ದು 6,200. ಅದೂ ಪೊಲೀಸ್, ಕೋರ್ಟಿನ ಕಾಗದಪತ್ರ ಮುಗಿದ ಮೇಲೆ ಬರಬೇಕು. ಚಿಕ್ಕಪ್ಪ ಈಗ ಮಂಡಿಗೆ ಹೋದಾಗೆಲ್ಲ ಈ ಕಥೆಯನ್ನು ತಾವೇ ಹೇಳುತ್ತಾರೆ, ಯಾರು ನಕ್ಕರೂ ಲೆಕ್ಕಕ್ಕಿಡಲ್ಲ. ಹೋದ ತಿಂಗಳು ಅಲ್ಲಿ ಕೇಳಿಸಿಕೊಂಡಿದ್ದ ಒಬ್ಬರು ಹಣ ಹೋದ ಇಪ್ಪತ್ತು ನಿಮಿಷಕ್ಕೆ 1930ಕ್ಕೆ ಕರೆ ಮಾಡಿದರಂತೆ. ಹೋದ 22,000ದಲ್ಲಿ 18,000 ತಡೆಹಿಡಿಯಲಾಗಿದೆ. ಚಿಕ್ಕಪ್ಪ ಅದನ್ನು ನನಗೆ ಫೋನ್ ಮಾಡಿ ಹೇಳುವಾಗ, ತಮ್ಮದೇ ದುಡ್ಡು ಸಿಕ್ಕಷ್ಟು ಖುಷಿಯಾಗಿದ್ದರು.